ಸೂತ್ರ ಮತ್ತು ಎಣಿಕೆ: ವ್ಯಾಕರಣಕ್ಕೂ ಗಣಕಯಂತ್ರಕ್ಕೂ ಇರುವ ಸಂಬಂಧ

ಪೀಠಿಕೆ

ಬಸ್ ನಿಲ್ದಾಣದಲ್ಲಿ ನಿಂತ ಪ್ರಯಾಣಿಕನೊಬ್ಬನು ‘ಬಳ್ಳಾರಿಗೆ’ ಎಂದು ಚೀಟಿ ಕೇಳುತ್ತಾನೆ. ಎರಡನೆಯವನು ‘ಕುರುಗೋಡಿಗೆ’ ಎನ್ನುತ್ತಾನೆ. ಮೂರನೆಯವನು ‘ಸಿರುಗುಪ್ಪಕ್ಕೆ’ ಎನ್ನುತ್ತಾನೆ. ಮೂವರೂ ಹೇಳಿದ್ದು ಒಂದೇ ಚತುರ್ಥೀ ವಿಭಕ್ತಿ. ಆದರೆ ಅದರ ರೂಪ ಮೂರು ಕಡೆಯೂ ಬೇರೆ ಬೇರೆ. ‘ಬಳ್ಳಾರಿಕ್ಕೆ’ ಎಂದು ಹೇಳುವವರನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ಮುದುಕಿಯೂ ಈ ವಿಷಯದಲ್ಲಿ ತಪ್ಪುವುದಿಲ್ಲ.

ಸಪ್ತಮಿಗೆ ಬಂದರೂ ಇದೇ ವ್ಯವಸ್ಥೆ ಕಾಣುತ್ತದೆ. ಬಳ್ಳಾರಿಯಲ್ಲಿ, ಕುರುಗೋಡಿನಲ್ಲಿ, ಸಿರುಗುಪ್ಪದಲ್ಲಿ. ಒಂದು ಕಡೆ ‘ಯ’ಕಾರ ಬಂದಿದೆ, ಇನ್ನೊಂದು ಕಡೆ ‘ಇನ್’ ಸೇರಿದೆ, ಮತ್ತೊಂದು ಕಡೆ ‘ದ’ಕಾರ ನಿಂತಿದೆ. ಮೂರು ಊರುಗಳ ಹೆಸರಿನಲ್ಲಿ ಕನ್ನಡ ನಾಮಪದಗಳ ಮೂರು ಮುಖ್ಯ ವರ್ಗಗಳು ಅಡಗಿವೆ. ಕೊನೆಯಲ್ಲಿ ಇ, ಎ ಸ್ವರಗಳಿದ್ದರೆ ಒಂದು ದಾರಿ, ಉಕಾರವಿದ್ದರೆ ಒಂದು ದಾರಿ, ಅಕಾರವಿದ್ದರೆ ಮತ್ತೊಂದು ದಾರಿ.

ಈ ವ್ಯವಸ್ಥೆಯನ್ನು ಗಣಕಯಂತ್ರಕ್ಕೆ ಕಲಿಸುವುದು ಹೇಗೆ? ವ್ಯಾಕರಣದ ಸೂತ್ರಗಳನ್ನು ಹೇಳಿಕೊಡುವುದೇ, ಅಥವಾ ಲಕ್ಷಾಂತರ ವಾಕ್ಯಗಳನ್ನು ಮುಂದಿಟ್ಟು ಯಂತ್ರವೇ ಎಣಿಸಿ ತಿಳಿಯುವಂತೆ ಬಿಡುವುದೇ? ಕಳೆದ ಎಪ್ಪತ್ತು ವರ್ಷಗಳಲ್ಲಿ ಜಗತ್ತಿನ ವಿದ್ವಾಂಸರನ್ನು ಎರಡು ಪಕ್ಷಗಳಾಗಿ ನಿಲ್ಲಿಸಿದ ಪ್ರಶ್ನೆ ಇದು. ವ್ಯಾಕರಣವನ್ನು ಮಕ್ಕಳಿಗೆ ಇನ್ನೂ ಕಲಿಸಬೇಕೆ ಎಂಬ ಸಂದೇಹ ಇಂದು ಶಾಲೆಗಳಲ್ಲಿಯೂ ತಲೆದೋರಿರುವುದರಿಂದ, ಈ ಪ್ರಶ್ನೆ ಕನ್ನಡದ ಅಧ್ಯಾಪಕರಿಗೂ ಹತ್ತಿರದ್ದಾಗಿದೆ.

ಲಕ್ಷಣ ಮತ್ತು ಲಕ್ಷ್ಯ

ಭಾರತೀಯ ವ್ಯಾಕರಣ ಪರಂಪರೆಯಲ್ಲಿ ಎರಡು ಮಾತುಗಳು ಸದಾ ಜೊತೆಯಾಗಿ ಬರುತ್ತವೆ. ನಿಯಮವು ಲಕ್ಷಣ, ಅದು ಯಾವ ಪ್ರಯೋಗವನ್ನು ವಿವರಿಸುತ್ತದೆಯೋ ಅದು ಲಕ್ಷ್ಯ. ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತದ ರೂಪಗಳನ್ನೆಲ್ಲ ಸಾಧಿಸಿದನು. ಒಂದು ಸೂತ್ರದ ಫಲವು ಮುಂದಿನ ಸೂತ್ರಕ್ಕೆ ಆಧಾರವಾಗುವುದು, ಸಾಮಾನ್ಯ ವಿಧಿಯನ್ನು ವಿಶೇಷ ವಿಧಿಯು ತಡೆಯುವುದು, ಅಲ್ಪಾಕ್ಷರಗಳಲ್ಲಿ ಬಹುಕಾರ್ಯವನ್ನು ಹೇಳುವುದು, ಇವೆಲ್ಲವೂ ಗಣಕಯಂತ್ರಕ್ಕೆ ಕೊಡುವ ಆದೇಶಗಳ ರಚನೆಗೆ ಬಹು ಸಮೀಪವಾಗಿವೆ. ಗಣಕಭಾಷೆಗಳ ವಾಕ್ಯರಚನೆಯನ್ನು ಬರೆಯುವ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸನು ಸೂಚಿಸಿದ್ದು ಈ ಕಾರಣದಿಂದಲೇ.

ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲಿಯೇ ರಚಿಸಿದನು. ಅವನು ಸೂತ್ರಗಳನ್ನು ಹೇಳಿ ಸುಮ್ಮನಾಗಲಿಲ್ಲ. ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದ ಕವಿಗಳ ಮಾರ್ಗವೇ ತನಗೆ ಲಕ್ಷ್ಯವೆಂದು ಹೆಸರಿಸಿ, ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಣೆಯಾಗಿ ಕೊಟ್ಟನು. 1604ರಲ್ಲಿ ಭಟ್ಟಾಕಳಂಕದೇವನು ಸಂಸ್ಕೃತದಲ್ಲಿ ಬರೆದ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವೂ ಪ್ರಯೋಗಗಳ ಸಮೃದ್ಧಿಗೆ ಹೆಸರಾಗಿದೆ.

ಬಳ್ಳಾರಿಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಲಂಡನ್ ಮಿಷನ್ನಿಗೆ ಸೇರಿ ಬಳ್ಳಾರಿಯಲ್ಲಿ ನೆಲೆಸಿದ್ದ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. 1894ರ ಕಿಟ್ಟೆಲ್ ನಿಘಂಟಿಗಿಂತ ಆರು ದಶಕಗಳ ಹಿಂದಿನ ಮಾತಿದು. ಪದಗಳ ಪಟ್ಟಿಯನ್ನು ಒಂದು ಕಡೆ, ಅವು ಕೂಡುವ ನಿಯಮಗಳನ್ನು ಇನ್ನೊಂದು ಕಡೆ ಇಟ್ಟುಕೊಳ್ಳುವ ಕ್ರಮವೇ ಮುಂದೆ ಗಣಕಯಂತ್ರದ ಮೊದಲ ತಲೆಮಾರಿನ ಕೆಲಸಕ್ಕೂ ಬುನಾದಿಯಾಯಿತು.

ಕೂಡಿಸುವುದು ಮತ್ತು ಬಿಡಿಸುವುದು

1954ರ ಜನವರಿಯಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯ ಮತ್ತು ಐಬಿಎಂ ಸಂಸ್ಥೆಗಳು ಕೂಡಿ, ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತರುವ ಯಂತ್ರವನ್ನು ಪ್ರದರ್ಶಿಸಿದವು. ಅದಕ್ಕೆ ಕೊಟ್ಟಿದ್ದು 250 ಪದಗಳು ಮತ್ತು 6 ನಿಯಮಗಳು ಮಾತ್ರ. ಕೆಲವೇ ವರ್ಷಗಳಲ್ಲಿ ಅನುವಾದದ ಸಮಸ್ಯೆ ಬಗೆಹರಿಯುವುದೆಂಬ ಆಸೆ ಹುಟ್ಟಿತು. 1966ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಆ ಆಸೆಗೆ ತಣ್ಣೀರೆರಚುವ ವರದಿಯನ್ನು ಕೊಟ್ಟಿತು. ಭಾಷೆಯನ್ನು ಕುರಿತ ಮೂಲಭೂತ ಅಧ್ಯಯನವೇ ಮೊದಲು ಆಗಬೇಕೆಂಬುದು ಅದರ ಸಾರ.

ತೊಡಕು ಎಲ್ಲಿದೆ ಎಂಬುದನ್ನು ತರಗತಿಯ ಸಂಧಿಪಾಠದಿಂದಲೇ ತಿಳಿಯಬಹುದು. ‘ಬೆಟ್ಟ’ ಮತ್ತು ‘ತಾವರೆ’ ಕೂಡಿದರೆ ‘ಬೆಟ್ಟದಾವರೆ’ ಎಂದು ವಿದ್ಯಾರ್ಥಿ ಹೇಳುತ್ತಾನೆ. ತಕಾರಕ್ಕೆ ದಕಾರ ಆದೇಶ. ಆದರೆ ಯಂತ್ರದ ಮುಂದೆ ಬರುವುದು ಕೂಡಿದ ಪದ. ಅದು ಬಿಡಿಸಬೇಕು. ‘ಬೆಟ್ಟದ’ ಎಂಬುದು ಷಷ್ಠೀ ರೂಪವೆಂದು ಬಗೆದು ‘ಆವರೆ’ ಎಂಬ ಪದವನ್ನು ಹುಡುಕುತ್ತ ಹೋದರೆ ಅದು ದಾರಿ ತಪ್ಪಿದಂತೆಯೇ. ಕೂಡಿಸುವಾಗ ಒಂದೇ ದಾರಿ. ಬಿಡಿಸುವಾಗ ಹಲವು ದಾರಿಗಳು. ಫಿನ್‌ಲೆಂಡಿನ ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲಿ ಈ ತೊಡಕಿಗೆ ಒಂದು ಪರಿಹಾರ ತೋರಿಸಿದನು. ಮೂಲರೂಪ ಮತ್ತು ಹೊರರೂಪಗಳನ್ನು ಎರಡು ಸಾಲುಗಳಲ್ಲಿಟ್ಟು, ಒಂದೇ ನಿಯಮವು ಕೂಡಿಸುವುದಕ್ಕೂ ಬಿಡಿಸುವುದಕ್ಕೂ ಒದಗುವಂತೆ ಅವನು ಮಾಡಿದನು. ಫಿನ್ನಿಷ್ ಭಾಷೆಯೂ ಕನ್ನಡದಂತೆ ಪ್ರತ್ಯಯದ ಮೇಲೆ ಪ್ರತ್ಯಯ ಹೊರುವ ಭಾಷೆ. ಆದುದರಿಂದ ಈ ಮಾರ್ಗವು ದ್ರಾವಿಡ ಭಾಷೆಗಳಿಗೂ ಉಪಯುಕ್ತವೆನಿಸಿತು.

ನಿಯಮವನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯಹೊರಟವನಿಗೆ ಕನ್ನಡದ ಸೂಕ್ಷ್ಮಗಳು ಒಂದೊಂದಾಗಿ ಎದುರಾಗುತ್ತವೆ. ಉಕಾರಾಂತಕ್ಕೆ ‘ಇಗೆ’ ಎಂದು ಬರೆದರೆ ‘ಎತ್ತು’ ಎಂಬುದು ‘ಎತ್ತಿಗೆ’ ಎಂದಾಗುತ್ತದೆ, ಸರಿ. ಆದರೆ ‘ಕರು’ ಎಂಬುದು ‘ಕರಿಗೆ’ ಎಂದಾಗದೆ ‘ಕರುವಿಗೆ’ ಎಂದಾಗುತ್ತದೆ. ಹಸುವಿಗೆ, ಮಗುವಿಗೆ, ಗುರುವಿಗೆ ಎಂಬಲ್ಲಿಯೂ ಹಾಗೆಯೇ. ಎರಡೇ ಅಕ್ಷರಗಳಿದ್ದು ಎರಡೂ ಲಘುವಾದರೆ ಕೊನೆಯ ಉಕಾರ ಬಹುಮಟ್ಟಿಗೆ ಉಳಿಯುತ್ತದೆ; ಊರು, ಎತ್ತು, ಕಾಲು ಮೊದಲಾದವುಗಳಲ್ಲಿ ಮೊದಲಕ್ಷರ ಗುರುವಾದ್ದರಿಂದ ಅದು ಲೋಪವಾಗುತ್ತದೆ. ಛಂದಸ್ಸಿನಲ್ಲಿ ಕಲಿಯುವ ಲಘು–ಗುರುಗಳು ಹೊಲದ ಎತ್ತು–ಕರುಗಳ ಮಾತಿನಲ್ಲಿಯೂ ಕೆಲಸ ಮಾಡುತ್ತಿವೆ.

ಧ್ವನಿ ಮಾತ್ರ ನೋಡಿದರೂ ಸಾಲದು. ‘ಕಾಲ’ ಎಂದರೆ ಸಮಯವಾದಾಗ ‘ಕಾಲಕ್ಕೆ’, ಯಮನಾದಾಗ ‘ಕಾಲನಿಗೆ’. ಅಕ್ಷರ ಒಂದೇ, ಅರ್ಥ ಬೇರೆ, ಪ್ರತ್ಯಯವೂ ಬೇರೆ. ಕನ್ನಡದ ಲಿಂಗವು ಅರ್ಥವನ್ನು ಅನುಸರಿಸುವುದರಿಂದ, ಪದವು ಮನುಷ್ಯನನ್ನೋ ದೇವತೆಯನ್ನೋ ಹೇಳುತ್ತದೆಯೇ, ವಸ್ತುವನ್ನು ಹೇಳುತ್ತದೆಯೇ ಎಂಬುದನ್ನು ಯಂತ್ರ ತಿಳಿದಿರಬೇಕು.

ಎಣಿಕೆಯ ಮಾರ್ಗ

ಸೂತ್ರಗಳ ಈ ಮಾರ್ಗಕ್ಕೆ ಎದುರಾಗಿ ಇನ್ನೊಂದು ಮಾರ್ಗವೂ ಬೆಳೆಯುತ್ತಿತ್ತು. 1948ರಲ್ಲಿ ಕ್ಲಾಡ್ ಶಾನನ್ ಎಂಬ ಗಣಿತಜ್ಞನು, ಹಿಂದಿನ ಅಕ್ಷರಗಳನ್ನು ನೋಡಿ ಮುಂದಿನ ಅಕ್ಷರದ ಸಂಭವವನ್ನು ಲೆಕ್ಕ ಹಾಕಬಹುದೆಂದು ತೋರಿಸಿದನು. ‘ಅರಸಿ’ ಎಂಬ ಪದವನ್ನು ತೆಗೆದುಕೊಳ್ಳಬಹುದು. ಅದು ರಾಣಿಯೂ ಹೌದು, ‘ಹುಡುಕಿ’ ಎಂಬ ಕ್ರಿಯೆಯೂ ಹೌದು. ‘ಅರಸಿ ಬಂದಳು’ ಎಂಬಷ್ಟರಲ್ಲಿ ನಿಘಂಟಾಗಲಿ ಪ್ರತ್ಯಯಸೂತ್ರವಾಗಲಿ ಇದನ್ನು ತೀರ್ಮಾನಿಸಲಾರದು. ಸುತ್ತಮುತ್ತ ‘ಅರಮನೆ’, ‘ಸಿಂಹಾಸನ’ ಎಂಬ ಪದಗಳಿದ್ದರೆ ಒಂದು ಅರ್ಥ, ‘ಮೇವು’, ‘ಕೆಲಸ’ ಎಂಬ ಪದಗಳಿದ್ದರೆ ಇನ್ನೊಂದು ಅರ್ಥ ಎಂಬುದನ್ನು ಎಣಿಕೆ ಹೇಳಬಲ್ಲದು.

1957ರಲ್ಲಿ ನೋಮ್ ಚಾಮ್‌ಸ್ಕಿ ಇದಕ್ಕೆ ಬಲವಾದ ಆಕ್ಷೇಪ ಎತ್ತಿದನು. ವಾಕ್ಯವು ಪದಗಳ ಸರಣಿ ಮಾತ್ರವಾಗಿರದೆ ಒಳಗೊಂದು ಕಟ್ಟಡವನ್ನು ಹೊಂದಿರುತ್ತದೆ. ನೆರೆಪದಗಳ ಸಂಭವವನ್ನು ಎಷ್ಟು ಎಣಿಸಿದರೂ ಆ ಕಟ್ಟಡ ಕೈಗೆ ಸಿಗದು ಎಂಬುದು ಅವನ ವಾದದ ತಿರುಳು. ‘ಅಕ್ಕ ಕುರುಗೋಡಿನ ಜಾತ್ರೆಗೆ ಹೋಗಿದ್ದ ಮಗನನ್ನು ಸಂಜೆ ಕರೆದುಕೊಂಡು ಬಂದಳು’ ಎಂಬ ವಾಕ್ಯದಲ್ಲಿ ಕ್ರಿಯಾಪದಕ್ಕೆ ಹತ್ತಿರವಿರುವ ನಾಮಪದ ‘ಮಗ’. ಆದರೂ ಕ್ರಿಯೆಯು ‘ಬಂದನು’ ಎಂದಾಗುವುದಿಲ್ಲ. ದೂರದಲ್ಲಿರುವ ‘ಅಕ್ಕ’ನೇ ಕರ್ತೃವಾದುದರಿಂದ ‘ಬಂದಳು’ ಎಂದಾಗಿದೆ. ಹತ್ತಿರದ ಪದಗಳನ್ನಷ್ಟೇ ನೋಡುವ ಯಂತ್ರ ಇಲ್ಲಿ ಎಡವುತ್ತದೆ.

ಹೀಗೆ ಎರಡು ಪಕ್ಷಗಳು ಬಹುಕಾಲ ಒಂದನ್ನೊಂದು ನೋಡದೆಯೇ ಸಾಗಿದವು. 1980ರ ದಶಕದ ಕೊನೆಯಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರು ಕೆನಡಾ ಸಂಸತ್ತಿನ ನಡಾವಳಿಗಳ ಇಂಗ್ಲಿಷ್ ಮತ್ತು ಫ್ರೆಂಚ್ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು, ಎಣಿಕೆಯ ಬಲದಿಂದಲೇ ಅನುವಾದ ಸಾಧಿಸತೊಡಗಿದಾಗ ತಕ್ಕಡಿ ಆ ಕಡೆ ವಾಲಿತು. 2011ರಲ್ಲಿ ಗೂಗಲ್ ಸಂಸ್ಥೆಯ ಅನುವಾದ ಸೌಲಭ್ಯಕ್ಕೆ ಕನ್ನಡ ಸೇರಿದುದು ಈ ಎಣಿಕೆಯ ಮಾರ್ಗದಿಂದಲೇ. 2017ರ ನಂತರ ಬಂದ ಹೊಸ ಬಗೆಯ ನರಜಾಲ ಯಂತ್ರಗಳು ದೂರದ ಪದಗಳ ನಂಟನ್ನೂ ಬಹುಮಟ್ಟಿಗೆ ಹಿಡಿಯಬಲ್ಲವು. ಇವುಗಳಿಗೆ ಯಾರೂ ವಿಭಕ್ತಿಯನ್ನು ಹೇಳಿಕೊಟ್ಟಿಲ್ಲ. ಮರೆಯಾದ ಪದವನ್ನೋ ಮುಂದೆ ಬರುವ ಪದವನ್ನೋ ಊಹಿಸುತ್ತ, ತಪ್ಪಿದಾಗ ತಿದ್ದಿಕೊಳ್ಳುತ್ತ, ಅಪಾರವಾದ ಬರಹವನ್ನು ಓದಿ ಅವು ಕಲಿತಿವೆ.

ಹಾಗಾದರೆ ವ್ಯಾಕರಣಕಾರನ ಕೆಲಸ ಮುಗಿಯಿತೇ? ಮುಗಿದಿಲ್ಲವೆಂಬುದಕ್ಕೆ ಕನ್ನಡವೇ ಸಾಕ್ಷಿ. ಇಂಗ್ಲಿಷಿನಲ್ಲಿ ‘ಹೋಗು’ ಎಂಬ ಧಾತುವಿಗೆ ಬೆರಳೆಣಿಕೆಯ ರೂಪಗಳಿವೆ. ಕನ್ನಡದಲ್ಲಿ ಹೋದನು, ಹೋಗುತ್ತಿದ್ದಳು, ಹೋಗಿದ್ದಾರಂತೆ, ಹೋಗದವರಿಗೂ, ಹೋಗಬೇಕಾಗಿದ್ದವರನ್ನು ಎಂದು ಬೆಳೆಯುತ್ತ ರೂಪಗಳು ಸಾವಿರಗಳನ್ನು ಮುಟ್ಟುತ್ತವೆ. ಬಹುಪಾಲು ರೂಪಗಳು ಬರಹದಲ್ಲಿ ಒಂದೆರಡು ಸಲ ಕಂಡರೆ ಹೆಚ್ಚು. ಒಂದೇ ಸಲ ಕಂಡದ್ದನ್ನು ಎಣಿಸಿ ಏನನ್ನು ಕಲಿಯುವುದು? ಅದಕ್ಕಾಗಿ ಇಂದಿನ ಯಂತ್ರಗಳು ಪದವನ್ನು ತುಣುಕುಗಳಾಗಿ ಕತ್ತರಿಸುತ್ತವೆ. ಆದರೆ ಕತ್ತರಿ ಬೀಳುವುದು ಹೆಚ್ಚು ಸಲ ಕಂಡ ಅಕ್ಷರಗುಂಪುಗಳ ಅಂಚಿನಲ್ಲಿ. ಅದು ಪ್ರಕೃತಿ–ಪ್ರತ್ಯಯಗಳ ಅಂಚೇ ಆಗಿರಬೇಕೆಂಬ ನಿಯಮವಿಲ್ಲ. ಬರಹ ಸಾಗರದಷ್ಟಿರುವ ಭಾಷೆಗೆ ಈ ನಷ್ಟ ಗೊತ್ತಾಗುವುದಿಲ್ಲ. ಬರಹ ಕಡಿಮೆಯಿರುವ ಭಾಷೆಗೆ ಪದವನ್ನು ಸರಿಯಾದ ಕೀಲಿನಲ್ಲಿ ಬಿಡಿಸಿಕೊಡುವ ವ್ಯಾಕರಣ ಇಂದಿಗೂ ದೊಡ್ಡ ನೆರವು.

ಯಂತ್ರವು ಒಡ್ಡಿದ ಪರೀಕ್ಷೆ

ಸಂಬಂಧ ಒಮ್ಮುಖವಾದುದಲ್ಲ. ವ್ಯಾಕರಣವು ಯಂತ್ರಕ್ಕೆ ನೆರವಾದಂತೆ ಯಂತ್ರವೂ ವ್ಯಾಕರಣವನ್ನು ಒರೆಗೆ ಹಚ್ಚಿದೆ. ಮನುಷ್ಯನಾದ ಓದುಗನು ಸೂತ್ರದಲ್ಲಿ ಬಿಟ್ಟುಹೋದದ್ದನ್ನು ತನ್ನ ತಿಳಿವಳಿಕೆಯಿಂದ ತುಂಬಿಕೊಳ್ಳುತ್ತಾನೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ, ಬರೆದಷ್ಟನ್ನೇ ಮಾಡುತ್ತದೆ.

ಶಾಲೆಯ ವಿಭಕ್ತಿಪಟ್ಟಿಯಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಇರುತ್ತದೆ. ಆದರೆ ‘ಮರದಿಂದ ಹಣ್ಣು ಬಿತ್ತು’ ಎನ್ನುವಾಗ ಯಾವ ಕನ್ನಡಿಗನೂ ‘ಮರದ ದೆಸೆಯಿಂದ’ ಎನ್ನುವುದಿಲ್ಲ. ತೃತೀಯೆಯ ‘ಇಂದ’ವೇ ಅಲ್ಲಿಯೂ ನಿಲ್ಲುತ್ತದೆ. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕ ತುಂಬಿಸಲು ಬಂದ ರೂಪವಿದು. ಪಟ್ಟಿಯನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ, ಬರಹದ ರಾಶಿಯಲ್ಲಿ ಅದಕ್ಕೆ ಈ ಪಂಚಮಿ ಸಿಗುವುದೇ ದುರ್ಲಭ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಪ್ರಕಟಿಸಿದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥವು, ಸಂಸ್ಕೃತದ ಅಚ್ಚಿನಲ್ಲಿ ಎರಕಹೊಯ್ದ ವ್ಯಾಕರಣವು ಕನ್ನಡದ ನಿಜವಾದ ಕಟ್ಟನ್ನು ಮರೆಮಾಡುತ್ತದೆಂದು ವಾದಿಸಿತು. ಅವರ ಎಲ್ಲ ತೀರ್ಮಾನಗಳನ್ನು ಎಲ್ಲರೂ ಒಪ್ಪಿಲ್ಲ. ಆದರೆ ವಾದಕ್ಕೆ ತೀರ್ಪು ಕೊಡುವ ಒಂದು ಹೊಸ ಸಾಧನ ಈಗ ಒದಗಿದೆ. ಯಾವ ವರ್ಣನೆಯಿಂದ ಯಂತ್ರವು ಹೆಚ್ಚು ಪದಗಳನ್ನು ಸರಿಯಾಗಿ ಬಿಡಿಸುತ್ತದೆಯೋ ಆ ವರ್ಣನೆಗೆ ಅಷ್ಟು ಬಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಂಸ್ಕೃತದಿಂದ ಬಂದ ಕಾರಕವಿಚಾರವು ಕನ್ನಡದ ವಾಕ್ಯವಿಶ್ಲೇಷಣೆಗೆ ಸೊಗಸಾಗಿ ಒಗ್ಗಿತು. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ವಿನೀತ ಚೈತನ್ಯ ಮತ್ತು ರಾಜೀವ ಸಂಗಲ್ ಮೊದಲಾದವರು ಪಾಣಿನಿಯ ಕಾರಕತತ್ತ್ವದ ಮೇಲೆ ‘ಅನುಸಾರಕ’ವೆಂಬ ವ್ಯವಸ್ಥೆಯನ್ನು ಕಟ್ಟಿದರು. ಅದರಲ್ಲಿ ಕನ್ನಡದಿಂದ ಹಿಂದಿಗೆ ತರುವ ಪ್ರಯತ್ನವೂ ಒಂದು. ಪದವು ವಾಕ್ಯದಲ್ಲಿ ಎಲ್ಲಿಯೇ ಇರಲಿ, ವಿಭಕ್ತಿಯ ಗುರುತಿನಿಂದ ಕ್ರಿಯೆಯೊಡನೆ ಅದರ ನಂಟನ್ನು ಕಂಡುಕೊಳ್ಳುವ ಈ ಕ್ರಮವು ಭಾರತದ ಭಾಷೆಗಳಿಗೆ ತಕ್ಕದ್ದೆಂದು ಅವರ 1995ರ ಗ್ರಂಥ ವಿವರಿಸಿತು. ಹಳೆಯದೆಲ್ಲ ಬೇಡವೆಂಬುದೂ, ಎಲ್ಲವೂ ಬೇಕೆಂಬುದೂ ಇಲ್ಲಿ ನಿಲ್ಲುವುದಿಲ್ಲ. ಒಂದೊಂದು ಸೂತ್ರವನ್ನೂ ಪ್ರಯೋಗದ ಮುಂದಿಟ್ಟು ನೋಡಬೇಕಾಗುತ್ತದೆ.

ಸೂತ್ರವೇ ಅನಿಶ್ಚಿತವಾಗಿರುವ ಕಡೆ ಎಣಿಕೆಯೇ ಗತಿ. ‘ಸಿನಿಮಾಕ್ಕೆ’ ಎನ್ನುವವರೂ ಇದ್ದಾರೆ, ‘ಸಿನಿಮಾಗೆ’ ಎನ್ನುವವರೂ ಇದ್ದಾರೆ. ಯಾವುದು ಎಲ್ಲಿ ಎಷ್ಟು ಬಳಕೆಯಲ್ಲಿದೆ ಎಂಬುದನ್ನು ಪಠ್ಯಸಂಗ್ರಹದಿಂದಲೇ ತಿಳಿಯಬೇಕು. 1969ರಲ್ಲಿ ಸ್ಥಾಪಿತವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 1990ರ ದಶಕದಲ್ಲಿ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳ ಪಠ್ಯಗಳನ್ನು ಗಣಕಕ್ಕೆ ತುಂಬುವ ಕೆಲಸವನ್ನು ಕೈಗೊಂಡದ್ದು ಇಂಥ ಅಧ್ಯಯನಕ್ಕೆ ತಳಹದಿ. ಇಪ್ಪತ್ತು ಸಾವಿರಕ್ಕೂ ಮಿಕ್ಕ ಶರಣರ ವಚನಗಳು ಇಂದು ಪದಪದವಾಗಿ ಹುಡುಕಲು ಬರುವಂತೆ ಗಣಕದಲ್ಲಿ ದೊರೆಯುತ್ತಿರುವುದೂ ಅಷ್ಟೇ ಮಹತ್ತ್ವದ್ದು. ಹನ್ನೆರಡನೆಯ ಶತಮಾನದ ಆಡುಮಾತಿಗೆ ಹತ್ತಿರವಾದ ಕನ್ನಡವನ್ನು ಅಭ್ಯಸಿಸಲು ಅದಕ್ಕಿಂತ ಮಿಗಿಲಾದ ಲಕ್ಷ್ಯ ವಿರಳ.

ಬರಹಕ್ಕೆ ಬಾರದ ಕನ್ನಡ

ಈವರೆಗಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎಣಿಕೆಯ ಯಂತ್ರವು ಬರೆದುದನ್ನು ಮಾತ್ರ ಎಣಿಸುತ್ತದೆ. ಸಿರುಗುಪ್ಪದ ಗದ್ದೆಯಲ್ಲಿ ಆಡುವ ಕನ್ನಡ ಬರಹಕ್ಕೆ ಬಂದುದು ಎಷ್ಟು? ಪುಸ್ತಕದ ‘ಮನೆಯಲ್ಲಿ’ ಎಂಬುದು ಇಲ್ಲಿ ‘ಮನ್ಯಾಗ’. ‘ಹೊಲದಲ್ಲಿ’ ಎಂಬುದು ‘ಹೊಲದಾಗ’. ‘ಊರಿನಲ್ಲಿ’ ಎಂಬುದು ‘ಊರಾಗ’. ಇದನ್ನು ಅಶುದ್ಧವೆಂದು ತಳ್ಳಿಹಾಕುವುದು ಭಾಷಾವಿಜ್ಞಾನಕ್ಕೆ ಒಪ್ಪದು. ಹೊಲದಾಗ ಎಂಬಲ್ಲಿ ದಕಾರ ಉಳಿದಿದೆ. ಊರಾಗ ಎಂಬಲ್ಲಿ ‘ಇನ್’ ಬಿದ್ದುಹೋಗಿದೆ. ಪದಾಂತ್ಯದ ಎಕಾರವು ಇಕಾರವಾಗಿ ಮನೆ ‘ಮನಿ’ಯೂ ಕುದುರೆ ‘ಕುದುರಿ’ಯೂ ಆಗಿವೆ. ಇವೆಲ್ಲವೂ ಅಷ್ಟೇ ಕಟ್ಟುನಿಟ್ಟಾದ ನಿಯಮಗಳು. ಜೊತೆಗೆ ತೆಲುಗು ಮತ್ತು ಉರ್ದು ಮನೆಮಾತಿನವರೊಡನೆ ದಿನನಿತ್ಯ ಬೆರೆತ ಈ ಸೀಮೆಯ ಕನ್ನಡಕ್ಕೆ ತನ್ನದೇ ಆದ ಶಬ್ದಸಂಪತ್ತಿದೆ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಿಲಾಶಾಸನವಿದೆ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಲ್ಲಿನಲ್ಲಿ ಬರೆಸಿದವನ ಭಾಷೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉಳಿಯಿತು. ಅದೇ ಬಂಡೆಯ ಬದಿಯಲ್ಲಿ ದನ ಮೇಯಿಸುತ್ತಿದ್ದವರ ಮಾತು ಆ ಕಲ್ಲಿನಲ್ಲಿ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಕುರುಗೋಡಿನ ಶಾಸನಗಳಲ್ಲಿ ಕನ್ನಡವು ಕಲ್ಲಿಗೇರಿದುದರಿಂದಲೇ ಅಂದಿನ ಕನ್ನಡದ ರೂಪಗಳು ಇಂದು ಅಭ್ಯಾಸಕ್ಕೆ ಸಿಗುತ್ತವೆ.

ಭಾಷೆಯ ಎಣಿಕೆ ಎಂದರೇನೆಂಬುದು ಬಳ್ಳಾರಿಯ ಹಿರಿಯ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಮದರಾಸು ರಾಜ್ಯದಿಂದ ಆಂಧ್ರವು ಬೇರ್ಪಟ್ಟಾಗ ಬಳ್ಳಾರಿ ತಾಲ್ಲೂಕು ಎಲ್ಲಿಗೆ ಸೇರಬೇಕೆಂಬ ವಿವಾದವೆದ್ದು, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅಂದಿನ ಜನಗಣತಿಯಲ್ಲಿ ಓದುಬರಹ ಬಾರದ ರೈತನ ಕನ್ನಡವೂ ಒಂದಾಗಿ ಎಣಿಕೆಗೆ ಬಂದಿತ್ತು. ಇಂದಿನ ಯಂತ್ರದ ಎಣಿಕೆಯಲ್ಲಿ ಬರೆಯದವನ ಮಾತು ಸೊನ್ನೆ. ಮುಂದೆ ಬ್ಯಾಂಕು, ಆಸ್ಪತ್ರೆ, ಕಚೇರಿಗಳಲ್ಲಿ ಮಾತನ್ನು ಕೇಳಿ ಉತ್ತರಿಸುವ ಯಂತ್ರಗಳೇ ಕುಳಿತಾಗ, ‘ಮನ್ಯಾಗ’ ಎಂದವನ ಮಾತು ಅದಕ್ಕೆ ತಿಳಿಯದೆ ಹೋದರೆ, ತನ್ನ ಊರಿನಲ್ಲಿಯೇ ಅವನು ಪರಭಾಷಿಕನಾಗುತ್ತಾನೆ. ಈ ಕೊರತೆಯನ್ನು ತುಂಬಬಲ್ಲವನು ಮಾತನ್ನು ಕೇಳಿ, ಬರೆದುಕೊಂಡು, ಅದರ ನಿಯಮವನ್ನು ಕಾಣುವ ಭಾಷಾಭ್ಯಾಸಿ.

ಉಪಸಂಹಾರ

ಸೂತ್ರವಿಲ್ಲದ ಎಣಿಕೆಯು ಬರಹವಿರುವಲ್ಲಿಗೆ ಮಾತ್ರ ಹೋಗುತ್ತದೆ. ಎಣಿಕೆಯಿಲ್ಲದ ಸೂತ್ರವು ಯಾರೂ ಆಡದ ರೂಪಗಳನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತದೆ. ಲಕ್ಷಣ–ಲಕ್ಷ್ಯಗಳನ್ನು ಕೇಶಿರಾಜನು ಒಂದೇ ಗ್ರಂಥದಲ್ಲಿ ಕೂಡಿಸಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಅವು ಎರಡು ಪಕ್ಷಗಳಾಗಿ ಬೇರ್ಪಟ್ಟು, ಈಗ ಮತ್ತೆ ಒಂದರ ಅಗತ್ಯವನ್ನು ಇನ್ನೊಂದು ಅರಿಯುತ್ತಿವೆ.

ಶಾಲೆಯ ವ್ಯಾಕರಣಪಾಠವು ಈ ದೃಷ್ಟಿಯಿಂದ ಹೊಸ ಬೆಲೆಯನ್ನು ಪಡೆಯುತ್ತದೆ. ರಾಮನು, ರಾಮನನ್ನು ಎಂಬ ಪಟ್ಟಿಯನ್ನು ಕಂಠಪಾಠ ಮಾಡಿಸುವುದರ ಜೊತೆಗೆ, ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಮುಂದೆ ಪ್ರತ್ಯಯಗಳನ್ನಿಟ್ಟು ನಿಯಮವನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬಹುದು. ಅಜ್ಜ ಅಜ್ಜಿಯರ ಮಾತನ್ನು ಊರಿನ ಹೆಸರು, ತಾರೀಖುಗಳೊಡನೆ ಅವರ ಒಪ್ಪಿಗೆ ಪಡೆದು ಬರೆದಿಡುವ ಒಂದು ದಪ್ಪ ನೋಟುಪುಸ್ತಕ ಪ್ರತಿ ಶಾಲೆಯಲ್ಲಿಯೂ ಇರಬಹುದು. ಅಧ್ಯಾಪಕರು ಅದನ್ನು ತಿದ್ದದೆ, ಕೇಳಿದಂತೆಯೇ ಬರೆಸಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಗಣಕವಿದ್ಯೆ ಬಲ್ಲವರು ಅದನ್ನು ಗಣಕಕ್ಕೆ ಏರಿಸಬಹುದು. ದಾನಿಗಳಿಗೆ ಇದರಿಂದ ದೊಡ್ಡ ವೆಚ್ಚವೇನೂ ಬರುವುದಿಲ್ಲ.

ಬಸ್ ನಿಲ್ದಾಣದಲ್ಲಿ ‘ಸಿರುಗುಪ್ಪಕ್ಕೆ’ ಎಂದು ಚೀಟಿ ಕೇಳಿದವನ ಬಾಯಲ್ಲಿ ಒಂದು ವ್ಯಾಕರಣ ಪೂರ್ಣವಾಗಿ ನೆಲೆಸಿದೆ. ಅದನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟಲ್ಲಿ, ಯಂತ್ರವೂ ಒಂದು ದಿನ ಅದನ್ನು ಕಲಿತೀತು.